ನಾಲ್ಕು ಸಾಲಿನ ಪೆಟ್ಟಿಗೆ

ನಾನು ಒಂದು ಪೆಟ್ಟಿಗೆ. ಮರದ್ದಲ್ಲ, ತಗಡಿನದ್ದಲ್ಲ, ರಟ್ಟಿನದ್ದೂ ಅಲ್ಲ. ಹನ್ನೊಂದು ಸಾಲುಗಳಲ್ಲಿ ಬರೆದ ಪೆಟ್ಟಿಗೆ. ವೆಬ್ ಪುಟ ಕಟ್ಟುವವರು ಅಕ್ಷರವನ್ನಾಗಲಿ ಚಿತ್ರವನ್ನಾಗಲಿ ಬರಿಯ ಪರದೆಯ ಮೇಲೆ ಇಡುವುದಿಲ್ಲ. ಮೊದಲು ನನ್ನಂಥ ಒಂದನ್ನು ಇಟ್ಟು ಅದರೊಳಗೆ ಇಡುತ್ತಾರೆ. ಒಳಗಿನದಕ್ಕೂ ಅಂಚಿಗೂ ನಡುವೆ ಸ್ವಲ್ಪ ಜಾಗ ಬಿಡುವುದು, ಪಕ್ಕದವರನ್ನು ದೂರ ಇಡುವುದು, ಹೇಳಿದ ಬಣ್ಣವನ್ನು ಬೆನ್ನಿಗೆ ಹಚ್ಚಿಕೊಳ್ಳುವುದು, ಇಷ್ಟೇ ನನ್ನ ಕೆಲಸ. ನನ್ನೊಳಗಿನದು ಓದುವವರಿಗೆ ಕಾಣುತ್ತದೆ. ನಾನು ಕಾಣುವುದಿಲ್ಲ.

ಕಾಣದವರು ಹೇಳುವ ಮಾತನ್ನು ಎಚ್ಚರದಿಂದ ಕೇಳಬೇಕು. ಆದ್ದರಿಂದ ನನಗೆ ಏನು ಗೊತ್ತು, ಹೇಗೆ ಗೊತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ತೆರೆದ ಪರದೆ ಎಷ್ಟು ಅಗಲ, ಅಕ್ಷರ ಎಷ್ಟು ದೊಡ್ಡದು, ಬೆರಳು ಎಲ್ಲಿಯವರೆಗೆ ಬಂದು ನಿಂತಿತು ಎಂಬುದು ನನಗೆ ನೇರವಾಗಿ ತಿಳಿಯುತ್ತದೆ. ಉಳಿದದ್ದೆಲ್ಲ ಗದಗಿನ ‘ಬೆಳವಲ ದಿನಚರಿ’ ಪತ್ರಿಕೆಯ ಕಚೇರಿಯಲ್ಲಿ ಕಿವಿಗೆ ಬಿದ್ದದ್ದು. ಕಿವಿ ಎಲ್ಲಿದೆ ಎಂದು ಕೇಳಬೇಡಿ.

ನನ್ನನ್ನು ಬರೆದವಳು ಸಾಬಿರಾ ನದಾಫ್. ಬೆಟಗೇರಿಯ ಹುಡುಗಿ. ಅವಳ ತಂದೆಯದು ಹತ್ತಿ ಹಿಂಜಿ ಗಾದಿ ತುಂಬುವ ಕಸುಬು. ಅವಳು ದಿನಚರಿಯ ವೆಬ್‌ಸೈಟ್ ಕಟ್ಟಲು ಸೇರಿದ ಮೂರನೆಯ ದಿನ, ಮುಳಗುಂದ ನಾಕಾದ ಹತ್ತಿರ ಸೈಕಲ್ ಅಂಗಡಿಯ ಮೇಲಿನ ಕಚೇರಿಯಲ್ಲಿ, ಮಧ್ಯಾಹ್ನದ ಊಟಕ್ಕೆ ಏಳುವ ಮೊದಲು ನಾನು ಹುಟ್ಟಿದೆ. ಹೆಸರನ್ನೂ ಆಗಲೇ ಇಟ್ಟಳು: ಪೆಟ್ಟಿಗೆ. ಒಮ್ಮೆ ಬರೆದರೆ ಸಾಕು, ಕರೆದಲ್ಲೆಲ್ಲ ನಾನು ಹಾಜರು. ಮುಖಪುಟದಲ್ಲಿ ಹದಿನಾಲ್ಕು ಕಡೆ, ಕ್ರೀಡೆಯಲ್ಲಿ ಆರು ಕಡೆ, ಪೇಟೆ ಧಾರಣೆಯಲ್ಲಿ ಒಂದು ಕಡೆ, ಎಲ್ಲ ಕಡೆಯೂ ನಾನೇ. ನನ್ನಲ್ಲಿ ಒಂದು ಸಾಲು ಬದಲಾದರೆ ಅಷ್ಟೂ ಕಡೆ ಬದಲಾಗುತ್ತದೆ. ಇದನ್ನು ನೆನಪಿಡಿ.

ಅವಳು ಬರೆದ ಹನ್ನೊಂದು ಸಾಲಿನಲ್ಲಿ ಎತ್ತರದ ಮಾತೇ ಇರಲಿಲ್ಲ. ಒಳಗೆ ಎಷ್ಟು ಬಂದರೆ ಅಷ್ಟು ಬೆಳೆಯಬೇಕು ಎಂಬುದು ಅವಳ ಲೆಕ್ಕ. ಪಕ್ಕದ ಕುರ್ಚಿಯವರು ಯಾಕೆ ಎಂದು ಕೇಳಿದ್ದಕ್ಕೆ, ಹತ್ತಿ ನೋಡಿ ಚೀಲ ಹೊಲಿಯಬೇಕೇ ಹೊರತು ಚೀಲ ನೋಡಿ ಹತ್ತಿ ಕಿತ್ತು ಬಿಸಾಡುವುದಲ್ಲ ಎಂದು ತನ್ನ ತಂದೆ ಗಿರಾಕಿಗಳಿಗೆ ಹೇಳುವುದನ್ನೇ ಹೇಳಿದಳು. ಎಂಟು ತಿಂಗಳು ನಾನು ಹಾಗೆಯೇ ಇದ್ದೆ.

ಆಮೇಲೆ ಗುರುಪಾದಪ್ಪ ಹೊಂಬಳ ಅವರ ಕಣ್ಣು ಮುಖಪುಟದ ಮೇಲೆ ಬಿತ್ತು. ಅವರು ಸುದ್ದಿ ಸಂಪಾದಕರು. ಅಚ್ಚುಮೊಳೆಯ ಕಾಲದಿಂದ ಇದ್ದವರು, ಮೂವತ್ತೊಂದು ವರ್ಷ ಡೆಸ್ಕಿನ ಮೇಲೆ ಕಳೆದವರು. ಕೈಯಲ್ಲಿ ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಮಾತಾಡಬಹುದು, ಪುಟ ತೆರೆಯಲಾಗದು. ವೆಬ್‌ಸೈಟನ್ನು ಅವರು ನೋಡುತ್ತಿದ್ದುದು ಮೇಜಿನ ಮೇಲಿನ ದೊಡ್ಡ ಪರದೆಯಲ್ಲಿ ಮಾತ್ರ. ಒಂದು ಪೆಟ್ಟಿಗೆ ಉದ್ದ, ಪಕ್ಕದ್ದು ಗಿಡ್ಡ, ಪುಟವೆಂದರೆ ಹೀಗಿರುತ್ತದೆಯೇ ಎಂದು ಸಾಬಿರಾಳನ್ನು ಕರೆದು ಕೇಳಿದರು. ಎಲ್ಲವೂ ಒಂದೇ ಎತ್ತರಕ್ಕೆ ಬರಬೇಕು, ನಾಲ್ಕು ಸಾಲು ಸಾಕು ಎಂದರು. ಹೆಚ್ಚಾದರೆ ಏನು ಮಾಡಲಿ ಎಂದು ಅವಳು ಕೇಳಿದಳು.

“ಬಾಲಾ ಕತ್ತರಸು,” ಎಂದರು. “ಸುದ್ದಿ ಅಂದ್ರ ತಲಿ ಮುಖ್ಯ. ಬಾಲದಾಗ ಏನ ಇರ್ತದ ತಂಗಿ? ನಾವು ಮೂವತ್ತ ವರ್ಷ ಕತ್ತರಸೇವಿ, ಯಾರೂ ಕೇಳಿಲ್ಲ.”

ಇದು ಅವರ ಹಟವಾಗಿರಲಿಲ್ಲ, ಕಸುಬಿನ ರೂಢಿಯಾಗಿತ್ತು. ದಿನಪತ್ರಿಕೆಯ ವರದಿಯನ್ನು ಬರೆಯುವುದೇ ಹಾಗೆ: ಮುಖ್ಯ ಸಂಗತಿ ಮೊದಲ ಸಾಲಿನಲ್ಲಿ, ಅದಕ್ಕಿಂತ ಕಡಿಮೆಯದು ಅದರ ಕೆಳಗೆ, ಇದ್ದರೂ ಇಲ್ಲದಿದ್ದರೂ ನಡೆಯುವಂಥದ್ದು ಕೊನೆಗೆ. ಪುಟದಲ್ಲಿ ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತಾರೆ. ಕತ್ತರಿಸಿದ ಗುರುತೂ ಓದುಗನಿಗೆ ಕಾಣಬಾರದು. ಸಾಬಿರಾ ಕೊನೆಯಲ್ಲಿ ಮೂರು ಚುಕ್ಕಿಯಾದರೂ ಇರಲಿ ಎಂದಳು. ಅದು ಪುಟಕ್ಕೆ ಕಲೆ ಬಿದ್ದ ಹಾಗೆ ಕಾಣುತ್ತದೆ ಎಂದರು. ಅವಳು ಹೋಗಿ ನನಗೆ ಎರಡು ಸಾಲು ಸೇರಿಸಿದಳು. ಎತ್ತರ ತೊಂಬತ್ತಾರು ಪಿಕ್ಸೆಲ್, ಅಂದರೆ ಸರಿಯಾಗಿ ನಾಲ್ಕು ಸಾಲು. ಅದಕ್ಕಿಂತ ಹೆಚ್ಚಿನದು ಮರೆಯಾಗಬೇಕು. ಪಕ್ಕದಲ್ಲಿ, ಓದುಗರಿಗೆ ಕಾಣದ ಹಾಗೆ, ಯಂತ್ರವೂ ಲೆಕ್ಕಕ್ಕೆ ಹಿಡಿಯದ ಹಾಗೆ, ತನ್ನ ನೆನಪಿಗೆಂದು ಒಂದು ಟಿಪ್ಪಣಿ ಬರೆದಳು. ಆಗ ಅವಳು ಪರೀಕ್ಷಿಸಿದ್ದು ಚಿಕ್ಕ ಚಿಕ್ಕ ತಲೆಬರಹಗಳನ್ನು ಇಟ್ಟು. ಯಾವುದೂ ನಾಲ್ಕು ಸಾಲು ದಾಟಲಿಲ್ಲ.

ನಾನು ಸಂಶಯ ಕಲಿತದ್ದು ಅಂದಿನಿಂದ. ಇಟ್ಟದ್ದನ್ನು ತೋರಿಸುವುದು ಪೆಟ್ಟಿಗೆಯ ಧರ್ಮ. ಮುಚ್ಚಿಡು ಎಂದು ಹೇಳಿದವರು ಏನನ್ನು ಮುಚ್ಚಿಡಲು ಹೇಳುತ್ತಿದ್ದಾರೆ ಎಂಬುದು ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಲ್ಲ ಎಂದು ಈಗ ಹೇಳಬಲ್ಲೆ.

ಜೂನ್ ನಾಲ್ಕು, ಮಂಗಳವಾರ, ವೆಬ್‌ಸೈಟಿನಲ್ಲಿ ಮಾತ್ರ ಒಂದು ವರದಿ ಬಂತು. ಮಡ್ಲಿಹಾಳ ಎಂಬ ಊರಿನ ಶಾಲೆಯಲ್ಲಿ ಬಿಸಿಯೂಟದ ತೊಗರಿಬೇಳೆ ಹೊರಗೆ ಹೋಗುತ್ತಿದೆ, ಮುಖ್ಯ ಅಡುಗೆಯವರಾದ ಕಸ್ತೂರೆವ್ವ ಹಡಪದ ಅವರನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಅದರಲ್ಲಿತ್ತು. ನಡೆದದ್ದು ಬೇರೆ. ಬೇಳೆ ಹೋಗುತ್ತಿರುವುದನ್ನು ಕಂಡು ತಾಲೂಕು ಕಚೇರಿಗೆ ದೂರು ಕೊಟ್ಟವರೇ ಕಸ್ತೂರೆವ್ವ. ಅವರನ್ನು ಯಾರೂ ತೆಗೆದಿರಲಿಲ್ಲ. ದೂರಿನ ಕಾಗದದಲ್ಲಿದ್ದ ಹೆಸರನ್ನೇ ವರದಿಗಾರ ಆರೋಪಿಯ ಹೆಸರೆಂದು ಬರೆದುಬಿಟ್ಟಿದ್ದ. ಅವನು ಅದನ್ನು ಅವಸರದಲ್ಲಿ ಬರೆದನೋ, ಯಾರಾದರೂ ಬರೆಸಿದರೋ, ನನ್ನ ಬಳಿ ದಾಖಲೆ ಇಲ್ಲ.

ಕಸ್ತೂರೆವ್ವ ಆ ಶಾಲೆಯಲ್ಲಿ ಹದಿನೇಳು ವರ್ಷದಿಂದ ಅಡುಗೆ ಮಾಡುತ್ತಿದ್ದರು. ಸೋಮವಾರ ಶಾಲೆಯ ಮೇಲುಸ್ತುವಾರಿ ಸಮಿತಿ ಕೂಡುವುದಿತ್ತು. ಈ ವರ್ಷ ಅಡುಗೆಮನೆಯಲ್ಲಿ ಯಾರಿರಬೇಕು, ಯಾರನ್ನು ಬಿಡಬೇಕು ಎಂದು ಅಲ್ಲಿ ತೀರ್ಮಾನ. ಸಮಿತಿಯ ಸದಸ್ಯರು ಪತ್ರಿಕೆ ಕೊಳ್ಳುವವರಲ್ಲ, ಫೋನಿನಲ್ಲಿ ಓದುವವರು. ಅಷ್ಟರೊಳಗೆ ಅವರ ಫೋನಿನಲ್ಲಿ ತಪ್ಪು ಒಪ್ಪು ಆಗಿರಬೇಕಿತ್ತು.

ಹೊಂಬಳ ಅವರು ತಪ್ಪು ಗೊತ್ತಾದ ತಕ್ಷಣ ವರದಿಯನ್ನು ತೆಗೆಸಿದರು. ತಿದ್ದುಪಡಿಯನ್ನು ತಾವೇ ಕುಳಿತು ಮೂರು ಸಲ ತಿದ್ದಿ ಬರೆದರು. ಎಲ್ಲಿ ತಪ್ಪು ಬಂದಿತ್ತೋ ಅಲ್ಲೇ ತಿದ್ದುಪಡಿ ಬರಬೇಕು ಎಂಬುದು ಪತ್ರಿಕೆಯ ನಿಯಮ. ಗುರುವಾರ ಹನ್ನೊಂದು ಗಂಟೆಗೆ ಅದು ನನ್ನೊಳಗೆ ಬಂತು. ಇದ್ದಕ್ಕಿದ್ದ ಹಾಗೆ ಕೊಡುತ್ತೇನೆ:

‘ತಿದ್ದುಪಡಿ: ಮಡ್ಲಿಹಾಳ ಸರಕಾರಿ ಶಾಲೆಯ ಬಿಸಿಯೂಟದ ತೊಗರಿಬೇಳೆ ಹೊರಗೆ ಸಾಗಿಸಿದ ಆರೋಪದಲ್ಲಿ ಮುಖ್ಯ ಅಡುಗೆಯವರಾದ ಕಸ್ತೂರೆವ್ವ ಹಡಪದ ಅವರನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಜೂನ್ 4ರಂದು ಪ್ರಕಟವಾಗಿತ್ತು. ಇದು ತಪ್ಪು. ಕಸ್ತೂರೆವ್ವ ಅವರು ಈ ಬಗ್ಗೆ ದೂರು ಕೊಟ್ಟವರು. ಪ್ರಮಾದಕ್ಕೆ ವಿಷಾದಿಸುತ್ತೇವೆ.’

ಹೊಂಬಳ ಅವರ ದೊಡ್ಡ ಪರದೆಯಲ್ಲಿ ಇದು ಮೂರು ಸಾಲು. ಪೂರ್ತಿ ಕಂಡಿತು. ಫೋನಿನ ಕಿರಿದಾದ ಪರದೆಯಲ್ಲಿ ಇದೇ ಮಾತು ಏಳು ಸಾಲಾಯಿತು. ನಾಲ್ಕು ಸಾಲು ತೋರಿಸಿ ಉಳಿದ ಮೂರನ್ನು ನಾನು ನುಂಗಿಕೊಂಡೆ. ನಾಲ್ಕನೆಯ ಸಾಲು ‘ಕೆಲಸದಿಂದ ತೆಗೆಯಲಾಗಿದೆ’ ಎಂಬಲ್ಲಿಗೆ ಮುಗಿಯಿತು. ಮೊದಲು ತಪ್ಪನ್ನು ಹೇಳಿ ಆಮೇಲೆ ಸರಿಯನ್ನು ಹೇಳುವುದು ತಿದ್ದುಪಡಿ ಬರೆಯುವ ಕ್ರಮ. ಪತ್ರಿಕೆಯಲ್ಲಿ ಬರುವ ಬರಹಗಳಲ್ಲಿ, ಬಾಲದಲ್ಲಿ ಜೀವ ಇರುವುದು ಅದೊಂದಕ್ಕೇ. ಈ ಎರಡು ರೂಢಿಗಳು ಒಂದನ್ನೊಂದು ಭೇಟಿಯಾದದ್ದು ನನ್ನ ಹೊಟ್ಟೆಯಲ್ಲಿ.

ನನಗೆ ಗೊತ್ತಿತ್ತು. ಹೇಳಲು ಬಾಯಿ ಇರಲಿಲ್ಲ.

ಹನ್ನೆರಡೂವರೆಗೆ ಒಂದು ಫೋನಿನಲ್ಲಿ ನನ್ನನ್ನು ತೆರೆದರು. ಅಕ್ಷರವನ್ನು ದೊಡ್ಡದು ಮಾಡಿಕೊಂಡ ಫೋನು, ಒಂದೂ ಕಾಲು ಪಟ್ಟು. ಅದರಲ್ಲಿ ಕಂಡದ್ದು ಮೂರೇ ಸಾಲು. ಬೆರಳು ಮೇಲಕ್ಕೂ ಕೆಳಕ್ಕೂ ಒಂಬತ್ತು ಸಲ ಓಡಾಡಿತು. ಹತ್ತು ನಿಮಿಷಕ್ಕೆ ಕಚೇರಿಯಲ್ಲಿ ಹೊಂಬಳ ಅವರ ಫೋನು ರಿಂಗಾಯಿತು.

“ಸಾಹೇಬ್ರ, ಮತ್ತ ಅದನ್ನಽ ಹಾಕೀರಲ್ರೀ,” ಎಂದಿತು ಹೆಣ್ಣುದನಿ, ಮಡ್ಲಿಹಾಳದ ಕಸ್ತೂರೆವ್ವನದು.

“ಪೂರ್ತಿ ಓದ್ರಿ ಯವ್ವಾ. ಕೆಳಗ ಐತಿ, ತಪ್ಪು ಅಂತ.”

“ಕೆಳಗ ಸೀರಿ ಅಂಗಡಿ ಜಾಹೀರಾತ ಐತ್ರೀ.”

ಹೊಂಬಳ ಅವರು ತಮ್ಮ ಪರದೆ ನೋಡಿದರು. ಇತ್ತು. ಇದೆ ಎಂದರು. ಆಕೆ ಇಲ್ಲ ಎಂದರು. ಫೋನು ಇಟ್ಟ ಮೇಲೆ ಹೊಂಬಳ ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಮುಖಪುಟದಲ್ಲೇ ದೊಡ್ಡದಾಗಿ ಕ್ಷಮೆ ಕೇಳಿಸಬೇಕೆಂದು ಆಕೆಯನ್ನು ಯಾರೋ ಎತ್ತಿಕಟ್ಟಿದ್ದಾರೆ ಎಂಬುದು ಅವರ ಮೊದಲ ಸಂಶಯ. ಸಂಜೆ ಆಕೆ ತನ್ನ ಫೋನಿನ ಪರದೆಯ ಚಿತ್ರವನ್ನು ಯಾರಿಂದಲೋ ತೆಗೆಸಿ ಕಚೇರಿಯ ವಾಟ್ಸ್ಆ್ಯಪ್‌ಗೆ ಕಳಿಸಿದರು. ಅರ್ಧಕ್ಕೆ ನಿಂತ ತಿದ್ದುಪಡಿ, ಕೆಳಗೆ ಸೀರೆ. ಹೊಂಬಳ ಅವರು ಅದನ್ನು ಹಿಗ್ಗಿಸಿ ನೋಡಿದರು. ಚಿತ್ರವನ್ನು ಕತ್ತರಿಸಿ ಅಂಟಿಸಿದ್ದಾರೆ ಎಂಬುದು ಎರಡನೆಯ ಸಂಶಯ.

ಮೂರನೆಯದು ರಾತ್ರಿ ಹುಟ್ಟಿತೋ ಏನೋ, ಶುಕ್ರವಾರ ಬೆಳಗ್ಗೆ ಅವರ ಜೊತೆಯೇ ಕಚೇರಿಗೆ ಬಂತು. ಸಾಬಿರಾ ತಿಂಗಳ ಕೊನೆಗೆ ಕೆಲಸ ಬಿಡುವವಳಿದ್ದಳು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಇದೇ ಕೆಲಸ ಸಿಕ್ಕಿತ್ತು. ರಾಜೀನಾಮೆ ಕೊಟ್ಟ ದಿನ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ಹೋಗುವವಳು ಹೋಗುವ ಮೊದಲು ಪತ್ರಿಕೆಯ ಮುಖಕ್ಕೆ ಮಸಿ ಬಳಿದು ಹೋಗುತ್ತಿದ್ದಾಳೆ, ಹಳ್ಳಿಯವರಿಗೆ ಒಂದು, ಕಚೇರಿಗೆ ಒಂದು ತೋರುವ ಹಾಗೆ ಏನೋ ಮಾಡಿದ್ದಾಳೆ ಎಂದು ಅವರು ಪ್ರಸರಣ ವಿಭಾಗದವರ ಬಳಿ ತಗ್ಗಿದ ದನಿಯಲ್ಲಿ ಹೇಳಿದರು. ಅವಳನ್ನು ಮಾತ್ರ ಕೇಳಲಿಲ್ಲ. ಯಾರ ಮೇಲೆ ಸಂಶಯವೋ ಅವರನ್ನೇ ಕೇಳುವ ಪದ್ಧತಿ ಎಲ್ಲಿಯೂ ಇಲ್ಲ. ಕೇಳಿದ್ದರೆ ಶುಕ್ರವಾರವೇ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

ಸಾಬಿರಾಳಿಗೂ ಏನೋ ವಾಸನೆ ಹತ್ತಿತು. ತಾನು ಹೋದಾಗ ಮಾತು ನಿಲ್ಲುತ್ತಿತ್ತು. ಚಹಾ ಬಂದರೆ ತನ್ನ ಮೇಜನ್ನು ದಾಟಿ ಮುಂದೆ ಹೋಗುತ್ತಿತ್ತು. ತಿದ್ದುಪಡಿಯ ವಿಷಯ ಎಂದಷ್ಟೇ ಕಿವಿಗೆ ಬಿದ್ದಾಗ ಅವಳು ಬದಲಾವಣೆಗಳ ದಾಖಲೆ ತೆರೆದಳು. ಯಾರು, ಎಷ್ಟು ಹೊತ್ತಿಗೆ, ಏನು ಮುಟ್ಟಿದರು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಆ ಬರಹವನ್ನು ಮುಟ್ಟಿದವರು ಒಬ್ಬರೇ, ಹೊಂಬಳ, ಅದೂ ಮೂರು ಸಲ. ಮೂರು ಸಲ ಯಾಕೆ ಎಂದು ಅವಳಿಗೆ ಅನಿಸಿತು. ದಾಖಲೆಯನ್ನು ಛಾಪಿಸಿ ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು.

ಅತ್ತ ಮಡ್ಲಿಹಾಳದಲ್ಲಿ ಕಸ್ತೂರೆವ್ವನ ಸಂಶಯ ಇಬ್ಬರನ್ನೂ ಮೀರಿದ್ದು ಎಂದು ಆಮೇಲೆ ತಿಳಿಯಿತು. ಬೇಳೆ ಒಯ್ದವರೂ ಪತ್ರಿಕೆಯವರೂ ಒಂದೇ ಕೈ ಎಂದು ಆಕೆ ತೀರ್ಮಾನಿಸಿದ್ದರು. ಆ ಎರಡು ದಿನದಲ್ಲಿ ಆ ಊರಿನ ಕಡೆಯಿಂದ ನನ್ನನ್ನು ಮೂವತ್ತೆಂಟು ಸಲ ತೆರೆದರು. ಮೂವತ್ತೆಂಟು ಸಲವೂ ಆಕೆಯನ್ನು ಕೆಲಸದಿಂದ ತೆಗೆದವನು ನಾನೇ. ಎಲ್ಲರ ಮೇಲೂ ಎಲ್ಲರಿಗೂ ಸಂಶಯ ಬಂತು. ನನ್ನ ಮೇಲೆ ಯಾರಿಗೂ ಬರಲಿಲ್ಲ.

ಶನಿವಾರ ಹತ್ತೂವರೆಗೆ ಕಸ್ತೂರೆವ್ವ ಬಸ್ಸು ಹತ್ತಿ ಕಚೇರಿಗೇ ಬಂದರು. ಐವತ್ತು ದಾಟಿದವರು. ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಕುಪ್ಪಸದಲ್ಲಿ ಇಟ್ಟುಕೊಂಡಿದ್ದರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ. ಫೋನನ್ನು ತೆಗೆದು ಹೊಂಬಳ ಅವರ ದೊಡ್ಡ ಪರದೆಯ ಪಕ್ಕಕ್ಕೆ ನಿಲ್ಲಿಸಿ, ಈಗ ಓದಿ ಎಂದರು.

ನನಗೆ ಅಂಥ ಅನುಭವ ಅದೇ ಮೊದಲು. ಒಂದೇ ಮೇಜಿನ ಮೇಲೆ ಎರಡು ಕಡೆ ನಾನು. ಒಂದು ಕಡೆ ಪೂರ್ತಿ ಹೇಳುವವನು, ಇನ್ನೊಂದು ಕಡೆ ನುಂಗುವವನು.

ಹೊಂಬಳ ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಸಾಬಿರಾಳನ್ನು ಹೆಸರು ಹಿಡಿದು ಕರೆದರು. ಕಚೇರಿಯವರೆಲ್ಲ ತಲೆ ಎತ್ತುವಷ್ಟು ಗಟ್ಟಿಯಾಗಿ.

ಅವಳು ಚೀಲದಿಂದ ಮಡಚಿದ ಕಾಗದ ತೆಗೆದುಕೊಂಡೇ ಬಂದಳು. ಅವರು ಬಾಯಿ ತೆರೆಯುವ ಮೊದಲು ಅದನ್ನು ಮೇಜಿನ ಮೇಲೆ ಇಟ್ಟಳು. ತಾನು ಆ ಬರಹವನ್ನು ಮುಟ್ಟಿಯೇ ಇಲ್ಲ, ಮುಟ್ಟಿದವರ ಹೆಸರು ಇಲ್ಲಿದೆ ಎಂದಳು. ಹೊಂಬಳ ಅವರು ತಮ್ಮ ಹೆಸರನ್ನು ಮೂರು ಸಲ ಓದಿದರು. ಕಸ್ತೂರೆವ್ವ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದರು.

“ಅವರು ನಾ ಅಲ್ಲ ಅಂತಾರ. ನೀ ನಾ ಅಲ್ಲ ಅಂತೀಯವ್ವಾ. ಸೋಮವಾರ ಹನ್ನೊಂದಕ್ಕ ನಾ ಯಾರ ಹೆಸರ ಹೇಳಲಿ?”

ಸಾಬಿರಾ ಆಗ ಆ ಫೋನನ್ನು ಕೈಗೆ ತೆಗೆದುಕೊಂಡಳು. ಅವಳು ಅದನ್ನು ನೋಡಿದ್ದು ಅದೇ ಮೊದಲು. ಬರಹವನ್ನು ನೋಡಲಿಲ್ಲ, ಬರಹ ನಿಂತ ಜಾಗವನ್ನು ನೋಡಿದಳು. ಹೆಬ್ಬೆರಳಿನಿಂದ ನನ್ನ ಕೆಳಗಿನ ಅಂಚನ್ನು ಒಮ್ಮೆ ಸವರಿದಳು. ಅವಳ ಮುಖ ಬದಲಾಯಿತು. ತನ್ನ ಮೇಜಿಗೆ ಹೋಗಿ ನನ್ನನ್ನು ತೆರೆದಳು. ಉಳಿದವರು ಬೆನ್ನಿಗೆ ಬಂದು ನಿಂತರು.

ಹದಿಮೂರು ಸಾಲು. ಹನ್ನೆರಡನೆಯದರ ಪಕ್ಕದಲ್ಲಿ ಅವಳದೇ ಟಿಪ್ಪಣಿ: ‘ಹೊಂಬಳ ಸರ್ ಹೇಳಿದ್ದು. ಹೆಚ್ಚಾದರೆ ಬಾಲ ಕತ್ತರಿಸು.’ ಕೆಳಗೆ ಹಿಂದಿನ ವರ್ಷದ ತಾರೀಕು.

ಹೊಂಬಳ ಅವರು ಅದನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿದ ಮೇಲೆ ಅವರ ದನಿ ಇಳಿದಿತ್ತು. “ಹೌದು, ಅಂದಿದ್ದೆ,” ಎಂದರು. “ನಾನಽ ಅಂದಿದ್ದೆ.”

“ಬರದಾಕಿ ನಾನಽ ಸರ್,” ಎಂದಳು ಸಾಬಿರಾ. ಒಂದು ಉದ್ದನೆಯ ಬರಹ ಇಟ್ಟು ಫೋನಿನಲ್ಲಿ ನೋಡಬೇಕಿತ್ತು, ನೋಡಲಿಲ್ಲ ಎಂದಳು. ಅವರ ಮೇಜಿನ ಮೇಲೆ ಇಟ್ಟಿದ್ದ ಕಾಗದವನ್ನು ತೆಗೆದು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದಳು.

ಏನಾಯಿತು ಎಂದು ಕಸ್ತೂರೆವ್ವ ಕೇಳಿದರು. ಪೆಟ್ಟಿಗೆ ಗಿಡ್ಡ ಇತ್ತು, ಮಾತು ಉದ್ದ ಇತ್ತು, ಮಿಕ್ಕದ್ದು ಒಳಗೆ ಉಳಿಯಿತು ಎಂದು ಸಾಬಿರಾ ತಿಳಿಸಿ ಹೇಳಿದಳು. ಯಾರೂ ಬೇಕೆಂದು ಮಾಡಿದ್ದಲ್ಲ, ಪೆಟ್ಟಿಗೆ ಮಾಡಿದ್ದು ಎಂದಳು.

“ಪೆಟ್ಟಿಗಿಗೆ ಕೈ ಇರ್ತಾವೇನು?” ಎಂದರು ಕಸ್ತೂರೆವ್ವ. “ಬ್ಯಾಳಿ ಡಬ್ಬಿ ಖಾಲಿ ಆದಾಗ ನಮ್ಮ ಹೆಡ್ ಮಾಸ್ತರೂ ಹಿಂಗಽ ಅಂದ್ರು. ಡಬ್ಬಿ ಸಣ್ಣದ ಐತಿ ಅಂದ್ರು.”

ಸಾಬಿರಾ ಎರಡೂ ಸಾಲನ್ನು ಅಳಿಸಿದಳು. ಟಿಪ್ಪಣಿಯನ್ನು ಅಳಿಸಲು ಹೋದಾಗ ಹೊಂಬಳ ಅವರು ಅದು ಇರಲಿ ಎಂದರು. ಐದು ನಿಮಿಷದಲ್ಲಿ ನಾನು ಮತ್ತೆ ಹನ್ನೊಂದು ಸಾಲಿನವನಾದೆ. ಕಸ್ತೂರೆವ್ವನ ಫೋನಿನಲ್ಲಿ ಪುಟವನ್ನು ಹೊಸದಾಗಿ ತೆರೆದರು. ನಾನು ಮೈ ಸಡಿಲಿಸಿ ಕೆಳಕ್ಕೆ ಇಳಿದೆ, ಸೀರೆ ಅಂಗಡಿಯನ್ನು ಮುಂದಕ್ಕೆ ನೂಕಿದೆ, ವಿಷಾದಿಸುತ್ತೇವೆ ಎಂಬಲ್ಲಿಯವರೆಗೂ ಹೇಳಿದೆ.

ಕಸ್ತೂರೆವ್ವ ತುಟಿ ಅಲ್ಲಾಡಿಸುತ್ತ ಓದಿದರು. ಓದಿ ಮುಗಿದ ಮೇಲೂ ಫೋನನ್ನು ಕರವಸ್ತ್ರದಲ್ಲಿ ಸುತ್ತಲಿಲ್ಲ.

“ಇದ್ರಾಗೂ ಸುಳ್ಳಽ ಮೊದಲ ಐತಲ್ರೀ,” ಎಂದರು. “ಖರೇ ಮಾತ ಕಡೀಗ್ಯಾಕ ಇಡ್ತೀರಿ? ಕಡೀತನಕ ಯಾರ ಓದ್ತಾರ?”

ತಿದ್ದುಪಡಿ ಬರೆಯುವ ಕ್ರಮವೇ ಹಾಗೆ ಎಂದು ಹೇಳಹೊರಟಿದ್ದ ಹೊಂಬಳ ಅವರು ಅದನ್ನು ಬಿಟ್ಟು ಕುರ್ಚಿ ಎಳೆದುಕೊಂಡು ನಾಲ್ಕನೆಯ ಸಲ ಆ ಬರಹವನ್ನು ತಿದ್ದಿದರು. ಈಗ ಅದು ಹೀಗೆ ಶುರುವಾಗುತ್ತಿತ್ತು: ‘ಮಡ್ಲಿಹಾಳ ಶಾಲೆಯ ಬೇಳೆ ಹೊರಗೆ ಹೋಗುತ್ತಿರುವ ಬಗ್ಗೆ ದೂರು ಕೊಟ್ಟವರು ಕಸ್ತೂರೆವ್ವ ಹಡಪದ. ಅವರ ಮೇಲೆ ಯಾವ ಆರೋಪವೂ ಇಲ್ಲ.’ ತಪ್ಪಿನ ಮಾತು ಕೊನೆಯ ಸಾಲಿಗೆ ಹೋಯಿತು. ಕಸ್ತೂರೆವ್ವ ಆಗ ನೀರು ಕುಡಿದರು.

ಸೋಮವಾರ ಹನ್ನೊಂದು ಇಪ್ಪತ್ತಕ್ಕೆ ಮಡ್ಲಿಹಾಳದ ಕಡೆಯಿಂದ ಆರು ಫೋನುಗಳಲ್ಲಿ ಒಟ್ಟಿಗೆ ನನ್ನನ್ನು ತೆರೆದರು. ಐದು ಬೇಗ ಮುಚ್ಚಿದವು. ಒಂದು ಹದಿನೆಂಟು ನಿಮಿಷ ತೆರೆದೇ ಇತ್ತು. ಆ ಹದಿನೆಂಟು ನಿಮಿಷ ನಾನು ಒಂದು ಪಿಕ್ಸೆಲ್ಲೂ ಅಲುಗಲಿಲ್ಲ. ಮೂರು ಗಂಟೆಗೆ ಹೊಂಬಳ ಅವರಿಗೆ ಫೋನು ಬಂತು. ಕೆಲಸದಲ್ಲಿ ಇಟ್ಟುಕೊಂಡಿದ್ದಾರೆ ಎಂದರು ಕಸ್ತೂರೆವ್ವ. ಧನ್ಯವಾದ ಎನ್ನಲಿಲ್ಲ. ಇಬ್ಬರು ಸದಸ್ಯರು ಇನ್ನೂ ಒಪ್ಪದೆ ತಲೆ ಅಲ್ಲಾಡಿಸುತ್ತಿದ್ದಾರೆ, ಅವರ ಫೋನಿನಲ್ಲಿ ಹಳೆಯ ಚಿತ್ರ ಇದೆ ಎಂದರು.

ಹಳೆಯ ಚಿತ್ರ ಎಂದರೆ ನಾಲ್ಕು ಸಾಲಿಗೆ ನಿಂತ ನನ್ನದೇ ಚಿತ್ರ. ಆ ಎರಡು ದಿನದಲ್ಲಿ ಯಾರೋ ಪರದೆಯ ಚಿತ್ರ ತೆಗೆದು ಹಂಚಿದ್ದರು. ನನ್ನಲ್ಲಿ ಒಂದು ಸಾಲು ಬದಲಾದರೆ ಎಲ್ಲ ಕಡೆ ಬದಲಾಗುತ್ತದೆ ಎಂದು ಹೇಳಿದ್ದೆ. ಚಿತ್ರವಾಗಿ ಹೊರಗೆ ಹೋದ ನನಗೆ ಆ ಮಾತು ಸಲ್ಲುವುದಿಲ್ಲ. ಅಲ್ಲಿ ನಾನು ಇಂದಿಗೂ ಸುಳ್ಳು ಹೇಳುತ್ತಲೇ ಇದ್ದೇನೆ.

ಸಾಬಿರಾ ಜೂನ್ ಮೂವತ್ತಕ್ಕೆ ಹೋದಳು. ಹೋಗುವ ದಿನ ಹೊಂಬಳ ಅವರು ಅವಳಿಗೆ ಪೆನ್ನು ಕೊಟ್ಟರೆಂದು ಕೇಳಿದೆ, ನೋಡಿಲ್ಲ. ಮರುವರ್ಷ ಹೊಂಬಳ ಅವರು ನಿವೃತ್ತರಾದರು. ಆಮೇಲೆ ಬಂದವರು ವೆಬ್‌ಸೈಟನ್ನು ಬೇರೆಯವರ ಕೈಗೆ ಕೊಟ್ಟರು. ಅವರು ತಮ್ಮದೇ ಸಿದ್ಧ ಪೆಟ್ಟಿಗೆಗಳನ್ನು ತಂದರು, ದುಂಡು ಮೂಲೆಯವು, ನೆರಳು ಬೀಳುವಂಥವು. ಮುಖಪುಟದಿಂದ ನನ್ನನ್ನು ತೆಗೆದರು, ಕ್ರೀಡೆಯಿಂದ ತೆಗೆದರು, ಧಾರಣೆಯಿಂದಲೂ ತೆಗೆದರು. ಆ ಪೆಟ್ಟಿಗೆಗಳ ಹೊಟ್ಟೆಯಲ್ಲಿ ಯಾರ ಯಾವ ಅಪ್ಪಣೆ ಕುಳಿತಿದೆಯೋ ನಾನರಿಯೆ. ಒಂದು ಸಲ ಇಣುಕಿ ನೋಡಿ ಎಂದು ಹೇಳಬೇಕೆನಿಸುತ್ತದೆ. ಬೇಳೆ ಒಯ್ದವರು ಯಾರು ಎಂಬ ಸುದ್ದಿಯಾದರೂ ಅವುಗಳಲ್ಲಿ ಬಂದಿದೆಯೋ ಏನೋ. ನನ್ನೊಳಗೆ ಅದು ಬರಲಿಲ್ಲ.

ನಾನೀಗ ‘ಹಳೆಯದು’ ಎಂಬ ಹೆಸರಿನ ಕಡತದಲ್ಲಿ ಇದ್ದೇನೆ. ಹಳೆಯ ತಿದ್ದುಪಡಿಗಳ ಪುಟಗಳನ್ನು ಯಾರೂ ಹೊಸದಕ್ಕೆ ಬದಲಿಸಲಿಲ್ಲವಾದ್ದರಿಂದ ಅಲ್ಲಿ ಮಾತ್ರ ನನಗೆ ಕೆಲಸ. ವಾರಗಟ್ಟಲೆ ಯಾರೂ ಕರೆಯುವುದಿಲ್ಲ.

ಪ್ರತಿ ವರ್ಷ ಜೂನ್‌ನಲ್ಲಿ ಮಾತ್ರ ತಪ್ಪುವುದಿಲ್ಲ. ಸಮಿತಿ ಕೂಡುವ ಹೊತ್ತಿಗೆ ಆ ಚಿತ್ರ ಮತ್ತೆ ಊರಿನ ಫೋನುಗಳಲ್ಲಿ ಓಡಾಡುತ್ತದೆ ಎಂದು ನನ್ನ ಊಹೆ. ಯಾಕೆಂದರೆ ಆಗ ಒಂದು ಫೋನಿನಲ್ಲಿ ಆ ಪುಟ ತೆರೆಯುತ್ತದೆ. ಅಕ್ಷರ ಒಂದೂ ಕಾಲು ಪಟ್ಟು ದೊಡ್ಡದು. ಅದು ಆಕೆಯೇ ಎಂದು ನಾನು ಸಾಕ್ಷಿ ಹೇಳಲಾರೆ. ಬೆರಳು ಮೊದಲ ಸಾಲಿನಿಂದ ನಿಧಾನವಾಗಿ ಇಳಿಯುತ್ತದೆ, ನಡುವೆ ಎಲ್ಲಿಯೂ ನಿಲ್ಲುವುದಿಲ್ಲ, ಕೊನೆಯ ಸಾಲಿಗೆ ಬರುತ್ತದೆ. ಅಲ್ಲಿಗೂ ಬಿಡುವುದಿಲ್ಲ. ನನ್ನ ಕೆಳಗಿನ ಅಂಚನ್ನು ಹಿಡಿದು ಎರಡು ಸಲ ಮೇಲಕ್ಕೆ ಎಳೆದು ನೋಡುತ್ತದೆ, ಒಳಗೆ ಇನ್ನೂ ಏನಾದರೂ ಉಳಿದಿದೆಯೇ ಎಂದು.

ಏನೂ ಇಲ್ಲ. ನನ್ನಲ್ಲಿ ಇದ್ದದ್ದನ್ನೆಲ್ಲ ತೋರಿಸಿದ್ದೇನೆ. ಬೆರಳು ಆಮೇಲೆ ಹೋಗುತ್ತದೆ. ಮರುವರ್ಷ ಮತ್ತೆ ಬರುತ್ತದೆ, ಮತ್ತೆ ಎಳೆದು ನೋಡುತ್ತದೆ. ಅದಕ್ಕೆ ನನ್ನ ಮೇಲೆ ನಂಬಿಕೆ ಇಲ್ಲ. ಇರಬೇಕಾಗಿಯೂ ಇಲ್ಲ.